ಕಾಲಿನ ನೋವೂ ಸ್ಕ್ಯಾನಿನ ಚೀಟಿಯೂ

ದಿನಕ್ಕೆ ಎಂಟು ಗಂಟೆ ಯಂತ್ರದ ಮುಂದೆ ನಿಲ್ಲುವವನಿಗೆ ಕಾಲುನೋವು ಹೊಸ ಮಾತಲ್ಲ. ಆದರೆ ನೂರು ಹೆಜ್ಜೆ ನಡೆದೊಡನೆ ಮೀನಖಂಡ ಹಿಂಡಿದಂತಾಗಿ, ನಿಂತರೆ ತಾನೇ ಇಳಿದು, ಮತ್ತೆ ನಡೆದರೆ ಮತ್ತೆ ಹಿಡಿಯುವ ನೋವಿನ ಜಾತಿಯೇ ಬೇರೆ. ಕಾಲಿಗೆ ರಕ್ತ ಒಯ್ಯುವ ನಾಳದಲ್ಲಿ ಕೊಬ್ಬು ಕಟ್ಟಿ ದಾರಿ ಕಿರಿದಾದುದರ ಗುರುತು ಅದು. ಬೀಡಿ ಸೇದುವವರಿಗೂ ಸಕ್ಕರೆ ಕಾಯಿಲೆಯವರಿಗೂ ಇದರ ಭಯ ಹೆಚ್ಚು. ನಮ್ಮ ಓದುಗರಲ್ಲಿ ಅಂಥವರೆಷ್ಟು ಮಂದಿಯೆಂದು ನಾವು ಹೇಳಬೇಕಾಗಿಲ್ಲ.

ಇಂಥವರ ಕೈಗೆ ಅನೇಕ ವೇಳೆ ಮೊದಲು ಬರುವುದು ಸಿ.ಟಿ. ಸ್ಕ್ಯಾನಿನ ಚೀಟಿ. ನಾವು ಯಂತ್ರದ ವಿರೋಧಿಗಳಲ್ಲ. ನಮ್ಮ ತಕರಾರು ಕ್ರಮದ ಬಗ್ಗೆ.

ರೋಗ ಇದೆಯೋ ಇಲ್ಲವೋ ಎಂದು ತಿಳಿಯಲು ಪಾದದ ನಾಡಿ ಮುಟ್ಟಿ ನೋಡಬೇಕು. ಕಣಕಾಲಿನ ರಕ್ತದೊತ್ತಡವನ್ನು ತೋಳಿನ ಒತ್ತಡದಿಂದ ಭಾಗಿಸಬೇಕು. ಉತ್ತರ 0.9ಕ್ಕಿಂತ ಕಡಿಮೆ ಬಂದರೆ ನಾಳದಲ್ಲಿ ಅಡ್ಡಿಯಿದೆಯೆಂದು ತಿಳಿಯಬಹುದು. ನಮ್ಮ ಶಾಲೆಯ ಹುಡುಗರೂ ಮಾಡಬಲ್ಲ ಭಾಗಾಕಾರ! ಸಕ್ಕರೆ ಕಾಯಿಲೆಯಿಂದ ನಾಳ ಗಡುಸಾದವರಲ್ಲಿ ಮಾತ್ರ ಈ ಲೆಕ್ಕ ತಪ್ಪು ಹೇಳುವುದುಂಟು. ಆಗ ಕಾಲ್ಬೆರಳಿನ ಒತ್ತಡ ಅಳೆಯಬೇಕಾಗುತ್ತದೆ.

ನಾಳದ ಚಿತ್ರ ಬೇಕಾಗುವುದು ಬಲೂನಿನಿಂದ ಅದನ್ನು ಹಿಗ್ಗಿಸಬೇಕೆ, ಬೈಪಾಸ್ ಮಾಡಬೇಕೆ ಎಂಬ ಪ್ರಶ್ನೆ ಎದ್ದಾಗ. ನಡೆದಾಗ ಮಾತ್ರ ನೋವಿರುವ ಬಹುಮಂದಿಗೆ ಬೀಡಿ ಬಿಡುವುದು, ಔಷಧಿ, ಕ್ರಮವಾದ ನಡಿಗೆಯ ವ್ಯಾಯಾಮ, ಇವೇ ಮೊದಲ ಚಿಕಿತ್ಸೆ. ಅವರಿಗೆ ಆಗಲೇ ನಕ್ಷೆ ಯಾತಕ್ಕೆ? ಚಿತ್ರ ಬೇಕಾದವರಿಗೂ ಮೊದಲು ಡಾಪ್ಲರ್ ಸಾಕು. ಅದು ಶಬ್ದದ ಅಲೆಗಳ ಕೆಲಸ, ಸೂಜಿಯಿಲ್ಲ, ಕ್ಷಕಿರಣವಿಲ್ಲ. ಬ್ರಿಟನ್ನಿನ ಸರ್ಕಾರಿ ವೈದ್ಯ ವ್ಯವಸ್ಥೆಗೆ ಮಾರ್ಗ ಸೂಚಿಸುವ ನೈಸ್ ಸಂಸ್ಥೆ 2012ರಲ್ಲಿಯೇ ಹೀಗೆ ಹೇಳಿತು: ಮೊದಲು ಡಾಪ್ಲರ್, ಅದು ಸಾಲದಿದ್ದರೆ ಎಂ.ಆರ್. ಆಂಜಿಯೋಗ್ರಾಂ, ಅದು ಒಗ್ಗದವರಿಗೆ ಸಿ.ಟಿ. ಸಿ.ಟಿ.ಗೆ ರಕ್ತದಲ್ಲಿ ಹರಿಸುವ ಅಯೋಡಿನ್ ಔಷಧಿ ಮೊದಲೇ ಸೊರಗಿದ ಮೂತ್ರಪಿಂಡಕ್ಕೆ ಹಾನಿ ಮಾಡಬಹುದು. ನಾಳದ ಗೋಡೆಯಲ್ಲಿ ಸುಣ್ಣ ಕಟ್ಟಿದ್ದರೆ ಚಿತ್ರವೂ ಮಸುಕು.

ಹಾಗಾದರೆ ನಮ್ಮಲ್ಲಿ ಕ್ರಮ ತಲೆಕೆಳಗಾಗುವುದೇಕೆ? ಡಾಪ್ಲರಿಗೆ ಪಳಗಿದ ಕೈ ಬೇಕು, ತಾಳ್ಮೆ ಬೇಕು. ಸಿ.ಟಿ. ನಿಮಿಷಗಳಲ್ಲಿ ಮುಗಿಯುತ್ತದೆ, ಹೂಡಿದ ಬಂಡವಾಳ ಬೇಗ ಹಿಂತಿರುಗುತ್ತದೆ. ತುರ್ತು ಸಂದರ್ಭದಲ್ಲಿ ಆ ವೇಗವೇ ಉಪಕಾರಿ ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಮಲಗಿದಾಗಲೂ ನೋವಿದ್ದರೆ, ಹುಣ್ಣು ಮಾಯದಿದ್ದರೆ, ಬೆರಳು ಕಪ್ಪಾದರೆ ಯಾರೂ ಈ ಲೇಖನ ಹಿಡಿದು ವಾದಿಸುತ್ತ ಕೂರಬಾರದು. ಕಾಲು ಒಮ್ಮೆಲೇ ತಣ್ಣಗಾಗಿ ಮರಗಟ್ಟಿದರೆ ಕೆಲವೇ ಗಂಟೆಗಳಲ್ಲಿ ಕಾಲು ಉಳಿಯುವುದೋ ಹೋಗುವುದೋ ತೀರ್ಮಾನವಾಗುತ್ತದೆ. ಕೂಡಲೇ ದೊಡ್ಡ ಆಸ್ಪತ್ರೆಗೆ ಓಡಬೇಕು.

2019ರ ಜುಲೈಯಲ್ಲಿ ಗೊತ್ತಾದ ದರದಂತೆ ಇ.ಎಸ್.ಐ.ಗೆ ಸಂಬಳದ ನೂರು ರೂಪಾಯಿಗೆ ಕೆಲಸಗಾರನಿಂದ 75 ಪೈಸೆ, ಮಾಲಿಕನಿಂದ 3 ರೂಪಾಯಿ 25 ಪೈಸೆ ಸಲ್ಲಬೇಕು. ಇದು ಯಾರ ದಾನವೂ ಅಲ್ಲ. ಇ.ಎಸ್.ಐ. ಆಸ್ಪತ್ರೆಯಲ್ಲಿ ಕಾಲಿನ ನಾಳ ನೋಡಬಲ್ಲ ಡಾಪ್ಲರ್ ತಜ್ಞರು ವಾರದಲ್ಲಿ ಒಂದು ದಿನವಾದರೂ ಇರಬೇಕೆಂದು ಕೇಳುವುದು ನಮ್ಮ ಹಕ್ಕು. ಅಂಗಡಿಕಾರನಿಗೆ ಇ.ಎಸ್.ಐ.ಯೂ ಇಲ್ಲ, ಗಲ್ಲಾಪೆಟ್ಟಿಗೆಯೇ ಗತಿ. ಆದ್ದರಿಂದ ಜಿಲ್ಲಾಸ್ಪತ್ರೆಯಲ್ಲಿಯೂ ಅದೇ ಏರ್ಪಾಡು ಆಗಬೇಕು. ಮುಂದಿನ ಗೇಟ್ ಸಭೆಯಲ್ಲಿ ಈ ಮನವಿಗೆ ಸಹಿ ಕೂಡಿಸಲಿದ್ದೇವೆ. ವರ್ತಕ ಬಂಧುಗಳೂ ಬರಬೇಕು.