ಹುಳುವಿನ ಮಾತ್ರೆ ಯಾರಿಗಾಗಿ?

ನಾರ್ವೆಯ ಆಲ್ಟಾದಿಂದ ಹೊರಡುವ ಫಿನ್‌ಮಾರ್ಕ್ಸ್‌ಲೋಪೆ ಸ್ಲೆಡ್ ಓಟಕ್ಕೆ ಜರ್ಮನಿಯ ನಾಯಿಯೊಂದು ಬರುತ್ತಿದೆ ಎನ್ನಿ. ಅದರ ಚರ್ಮದಡಿ ಮೈಕ್ರೋಚಿಪ್ ಇರಬೇಕು. ರೇಬಿಸ್‌ನ ಮೊದಲ ಲಸಿಕೆ ಹಾಕಿಸಿ 21 ದಿನ ಕಳೆದಿರಬೇಕು. ಗಡಿ ದಾಟುವ 24ರಿಂದ 120 ಗಂಟೆ ಮುಂಚೆ ಪಶುವೈದ್ಯರು ಲಾಡಿಹುಳುವಿಗೆ ಮಾತ್ರೆ ಕೊಟ್ಟು, ವೇಳೆ ಸಮೇತ ಪಾಸ್‌ಪೋರ್ಟಿನಲ್ಲಿ ಬರೆದಿರಬೇಕು. ನಾಯಿಯ ಮೇಲೆ ಎಂಥ ಕಾಳಜಿ, ಅಲ್ಲವೇ?

ನನಗೆ ಹಾಗನ್ನಿಸುವುದಿಲ್ಲ. ಆ ಹುಳು ನಾಯಿಯ ಕರುಳಿನಲ್ಲಿ ಸಾಮಾನ್ಯವಾಗಿ ತೊಂದರೆ ಕೊಡದೆ ಇದ್ದುಬಿಡುತ್ತದೆ. ಅದು ಕೆಡಿಸುವುದು ಮನುಷ್ಯನ ಲಿವರನ್ನು. ಮಾತ್ರೆ ನುಂಗುವುದು ನಾಯಿ, ಗುಣ ನಮಗೆ. ನಿಯಮ ತಪ್ಪೆನ್ನುತ್ತಿಲ್ಲ. ರೇಬಿಸ್ ಎಂದರೇನೆಂದು ನಮ್ಮ ದೇಶದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಇದನ್ನು ನಾಯಿಯ ಆರೋಗ್ಯಪತ್ರ ಎಂದು ಕರೆಯಬೇಡಿ. 1994ರಲ್ಲಿ ಅಂಟಾರ್ಕ್ಟಿಕಾದಿಂದ ಕೊನೆಯ ಸ್ಲೆಡ್ ನಾಯಿಗಳನ್ನು ಹೊರಗೆ ಕಳಿಸಿದಾಗಲೂ ಹೇಳಿದ ಕಾರಣ ಸೀಲ್‌ಗಳಿಗೆ ಡಿಸ್ಟೆಂಪರ್ ತಗಲೀತು ಎಂಬುದು. ದಶಕಗಟ್ಟಲೆ ಎಳೆದ ನಾಯಿಗಳ ಮೈ ಹೇಗಿದೆ ಎಂಬುದಲ್ಲ.

ಓಟದಲ್ಲೇ ವೈದ್ಯರಿರುತ್ತಾರಲ್ಲ ಎನ್ನುವಿರಿ. ಇರುತ್ತಾರೆ. ಅಲಾಸ್ಕಾದ ಇಡಿಟರಾಡ್‌ನಲ್ಲಿ ಓಟಕ್ಕೆ ಮುಂಚೆ ರಕ್ತಪರೀಕ್ಷೆ, ಇಸಿಜಿ, ದಾರಿಯ ತಂಗುದಾಣಗಳಲ್ಲಿ ಪಶುವೈದ್ಯರು, ಎಲ್ಲ ಉಂಟು. ಆದರೂ 2024ರಲ್ಲಿ ಮೂರು ನಾಯಿಗಳು ಸತ್ತವು.

ನಾನು ಕೇಳುವುದು ಒಂದೇ ಒಂದು ಹೆಚ್ಚುವರಿ ಹಾಳೆ. ಹಿಂದಿನ ಓಟದಲ್ಲಿ ಈ ನಾಯಿ ಎಷ್ಟು ಮೈಲಿ ಓಡಿತು, ಎಲ್ಲಿ ಕುಂಟಿತು, ಮರಳಿದ ಮೇಲೆ ಪರೀಕ್ಷಿಸಿದವರು ಯಾರು? ಚಿಪ್ಪಿನ ಸಂಖ್ಯೆ ಹೇಗೂ ಇದೆ. ಹುಳುವಿನ ಲೆಕ್ಕವನ್ನು ಗಂಟೆ ಹಿಡಿದು ಇಡುವವರಿಗೆ ಇದು ಕಷ್ಟವೇ?