ದಪ್ಪಕ್ಷರದಲ್ಲಿ ‘ಧನ’ ‘ದನ’ವಾದಾಗ

ಕಾಲೇಜಿನಲ್ಲಿ ನಾವು ತರುತ್ತಿದ್ದ ಪ್ರಾಯೋಗಿಕ ಪತ್ರಿಕೆಯಲ್ಲಿ ಒಮ್ಮೆ ‘ಇನ್ನೂ ಬಾರದ ಪರಿಹಾರ ಧನ’ ಎಂಬ ತಲೆಬರಹ ಕೊಟ್ಟಿದ್ದೆವು. ಎದ್ದು ಕಾಣಲಿ ಎಂದು ದುಂಡಗಿನ ಫಾಂಟ್ ಆರಿಸಿ, ಬೋಲ್ಡ್ ಮಾಡಿ, ಇಟಾಲಿಕ್ಕನ್ನೂ ಒತ್ತಿದೆವು. ಜೆರಾಕ್ಸ್ ಪ್ರತಿ ಹಿಡಿದು ಚಹಾದಂಗಡಿಗೆ ಹೋದರೆ ಅಜ್ಜನೊಬ್ಬ ಕೇಳಿದ, “ಏನ್ ತಮ್ಮಾ, ಈ ಸಲ ಪರಿಹಾರಕ್ಕ ದನಾ ಕೊಡ್ತಾರೇನು?” ಎಲ್ಲರೂ ನಕ್ಕರು, ನಾವೂ ನಕ್ಕೆವು. ಆದರೆ ತಪ್ಪು ಅಜ್ಜನ ಕಣ್ಣಿನದಾಗಿರಲಿಲ್ಲ, ನಮ್ಮದಾಗಿತ್ತು.

ದ ಮತ್ತು ಧ ನಡುವೆ ಇರುವುದು ಒಂದು ಹೊಟ್ಟೆ ಸೀಳು ಮಾತ್ರ. ಪ-ಫ, ಡ-ಢ ಕೂಡ ಹಾಗೆಯೇ. ಅಕ್ಷರ ದಪ್ಪವಾದಷ್ಟೂ ಆ ಸೀಳು ಕಿರಿದಾಗುತ್ತದೆ. ಅಗ್ಗದ ಕಾಗದದಲ್ಲಿ ಮಸಿ ಹರಡಿದರೆ ಮುಚ್ಚಿಯೇ ಹೋಗುತ್ತದೆ.

ಇನ್ನು ಓರೆಯ ವಿಷಯ. ಇಟಾಲಿಕ್ ಹುಟ್ಟಿದ್ದು ಇಟಲಿಯ ವೆನಿಸ್‌ನಲ್ಲಿ. 1501ರಲ್ಲಿ ಆಲ್ಡಸ್ ಮನುಟಿಯಸ್ ಅದರಲ್ಲಿ ಪುಸ್ತಕ ಅಚ್ಚು ಹಾಕಿದ. ಅದು ಅಲ್ಲಿನ ಕೈಬರಹ ನೋಡಿ ಬೇರೆಯಾಗಿಯೇ ಕೊರೆದ ಅಕ್ಷರ. ನಮ್ಮ ಬಹುಪಾಲು ಕನ್ನಡ ಫಾಂಟುಗಳಿಗೆ ಹಾಗೆ ಬರೆದ ಇಟಾಲಿಕ್ ಇಲ್ಲ. ಗುಂಡಿ ಒತ್ತಿದರೆ ಕಂಪ್ಯೂಟರು ನೆಟ್ಟಗಿನ ಅಕ್ಷರವನ್ನೇ ಬಾಗಿಸುತ್ತದೆ. ತಲೆಕಟ್ಟು ಬಲಕ್ಕೆ ಸರಿಯುತ್ತದೆ, ಒತ್ತಕ್ಷರ ಎಡಕ್ಕೆ ಜಾರುತ್ತದೆ. ‘ರಾಷ್ಟ್ರ’ದಂಥ ಪದ ಕಣ್ಣಿಗೆ ತೊಡಕಾಗುತ್ತದೆ.

ಹಾಗಾದರೆ ಈ ಅಕ್ಷರವೇ ಬೇಡವೇ? ಬೇಕು. ಅದರಲ್ಲಿ ಓಟವಿದೆ, ಗೆಲುವಿದೆ, ಸಲಿಗೆಯಿದೆ. ಕಬಡ್ಡಿ ಪಂದ್ಯಾವಳಿಯ ಫ್ಲೆಕ್ಸ್, ಜಾತ್ರೆಯ ನಾಟಕದ ಪೋಸ್ಟರ್, ಐಸ್‌ಕ್ರೀಂ ಗಾಡಿ, ಮಕ್ಕಳ ಪುಟದ ಹೆಸರು, ಇವಕ್ಕೆ ಅದು ಒಪ್ಪುತ್ತದೆ. ಅಲ್ಲಿ ಎರಡು ಮೂರು ಪದ, ದೊಡ್ಡ ಅಳತೆ, ದೂರದ ನೋಟ. ಕರೆಯುವುದು ಅದರ ಕೆಲಸ, ವಿವರಿಸುವುದಲ್ಲ. ನಿಧನ ವಾರ್ತೆ, ಫೋಟೊ ಅಡಿಬರಹ, ಅರ್ಜಿಯ ಕೊನೆಯ ದಿನ, ಹಣದ ಮೊತ್ತ, ಔಷಧಿಯ ಅಳತೆ ಇವುಗಳಿಗೆ ಮಾತ್ರ ಬೇಡವೇ ಬೇಡ.

ಉಚಿತವಾಗಿ ಸಿಗುವ ‘ಬಾಲೂ ತಮ್ಮ 2’ ದುಂಡಗಿನ ಒಳ್ಳೆಯ ಕನ್ನಡ ಫಾಂಟ್. ಅದರಲ್ಲಿ 400ರಿಂದ 800ರವರೆಗೆ ದಪ್ಪದ ಹಂತಗಳಿವೆ. ಎಲ್ಲರೂ ನೇರ 800ಕ್ಕೇ ಕೈ ಹಾಕುತ್ತಾರೆ. ಸುದ್ದಿಯ ತಲೆಬರಹಕ್ಕೆ 600 ಸಾಕು, ಅದೂ ನೆಟ್ಟಗೆ ನಿಲ್ಲಲಿ. ಒತ್ತಿ ಹೇಳಬೇಕಾದ ಪದಕ್ಕೆ ಉದ್ಧರಣ ಚಿಹ್ನೆ ಇದೆ.

ಹಳ್ಳಿ ಪತ್ರಿಕೆಯ ಓದುಗರಲ್ಲಿ ಕನ್ನಡಕವಿಲ್ಲದೆ ಓದುವ ಹಿರಿಯರು ಬಹಳ. ಪರದೆಯ ಮೇಲೆ ನಮಗೆ ಚೆಂದ ಕಂಡದ್ದು ಅವರಿಗೆ ಗೊಂದಲವಾದರೆ ಸುದ್ದಿಯೇ ತಪ್ಪಿದಂತೆ. ಅದಕ್ಕೇ ನಾವೀಗ ಪುಟ ಕಳಿಸುವ ಮೊದಲು ಒಂದು ಪ್ರತಿ ಅಚ್ಚು ಹಾಕಿ ಮನೆಯ ಹಿರಿಯರೊಬ್ಬರ ಕೈಗೆ ಕೊಡುತ್ತೇವೆ. ಅವರು ಧನವನ್ನು ಧನ ಎಂದೇ ಓದಿದರೆ ಪುಟ ಮುಂದಕ್ಕೆ ಹೋಗುತ್ತದೆ.