ದೂರದ ನೆಂಟರ ಮೇಲಿನ ಅಗ್ಗದ ಪ್ರೀತಿ

ಯುರೋಪಿನ ರೋಮಾ ಜನರ ಮಾತು ಬಂದಾಗಲೆಲ್ಲ ನಮಗೆ ಹೆಮ್ಮೆ ಉಕ್ಕುತ್ತದೆ: ಅವರು ಮೂಲತಃ ನಮ್ಮವರಲ್ಲವೇ! 1983ರಲ್ಲಿ ಚಂಡೀಗಢದ ರೋಮಾ ಉತ್ಸವಕ್ಕೆ ಇಂದಿರಾ ಗಾಂಧಿ ಹೋಗಿದ್ದರು. 2016ರ ದೆಹಲಿ ಸಮ್ಮೇಳನದಲ್ಲಿ ಸುಷ್ಮಾ ಸ್ವರಾಜ್ ಅವರನ್ನು ಭಾರತದ ಮಕ್ಕಳೆಂದು ಕರೆದರು. ಕೇಳಲು ಸೊಗಸಾಗಿದೆ. ಆದರೆ ಈ ನೆಂಟಸ್ತಿಕೆಗೆ ನಾವು ತೆತ್ತದ್ದೇನು?

ನೆಂಟಸ್ತಿಕೆ ಸುಳ್ಳಲ್ಲ. ಅವರ ಭಾಷೆಯಲ್ಲಿ ನೀರು 'ಪಾನಿ', ಮೂಗು 'ನಾಖ್', ಐದು 'ಪಾಂಜ್'. ಏಳು, ಎಂಟು, ಒಂಬತ್ತಕ್ಕೆ ಮಾತ್ರ ಗ್ರೀಕ್ ಪದಗಳು. ಸುಮಾರು ಸಾವಿರ ವರ್ಷಗಳ ಹಿಂದೆ ಹಿಡಿದ ದಾರಿ ಅವರ ಎಣಿಕೆಯಲ್ಲೇ ಉಳಿದಿದೆ. ಈ ಭಾಷೆಯ ಭಾರತೀಯ ಮೂಲವನ್ನು ಜರ್ಮನ್ ವಿದ್ವಾಂಸ ರ‍್ಯೂಡಿಗರ್ 1782ರಲ್ಲೇ ತೋರಿಸಿದ್ದ.

ನಮ್ಮ ಆಸಕ್ತಿ ಅಲ್ಲಿಗೇ ನಿಂತುಬಿಡುತ್ತದೆ. ಅವರ ಸಂಕಟದ ಕತೆ ಶುರುವಾಗುವುದು ಅಲ್ಲಿಂದಾಚೆಗೆ. ಇಂದಿನ ರೊಮೇನಿಯಾದ ವಲಾಕಿಯಾದಲ್ಲಿ ಅವರು 1856ರವರೆಗೆ ಗುಲಾಮರು. ದೊರೆ, ಮಠ, ಜಮೀನ್ದಾರ ಎಲ್ಲರಿಗೂ ಅವರು ಮಾರಬಹುದಾದ ಸರಕು. 1944ರ ಆಗಸ್ಟ್ 2ರ ರಾತ್ರಿ ಆಶ್ವಿಟ್ಜ್-ಬಿರ್ಕೆನೌನ ರೋಮಾ ಶಿಬಿರದಲ್ಲಿ ಉಳಿದಿದ್ದ ನಾಲ್ಕು ಸಾವಿರಕ್ಕೂ ಹೆಚ್ಚು ಜನರನ್ನು ನಾಜಿಗಳು ವಿಷಾನಿಲಕ್ಕೆ ನೂಕಿದರು. ಬದುಕುಳಿದವರು ಪರಿಹಾರ ಕೇಳಿದರೆ, 1956ರಲ್ಲಿ ಪಶ್ಚಿಮ ಜರ್ಮನಿಯ ಉನ್ನತ ನ್ಯಾಯಾಲಯ ಹೇಳಿದ್ದೇನು? 1943ಕ್ಕೆ ಮೊದಲಿನ ಕ್ರಮಗಳು ಜನಾಂಗದ್ವೇಷದವಲ್ಲ, ಅವರ ಸಮಾಜವಿರೋಧಿ ನಡತೆಯಿಂದಾದವು ಎಂದು! ಅದು ಜನಾಂಗಹತ್ಯೆ ಎಂದು ಆ ಸರ್ಕಾರ ಒಪ್ಪಿದ್ದು 1982ರಲ್ಲಿ. 2007ರಲ್ಲೂ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಜೆಕ್ ದೇಶಕ್ಕೆ ಛೀಮಾರಿ ಹಾಕಬೇಕಾಯಿತು: ಅಲ್ಲಿ ರೋಮಾ ಮಕ್ಕಳನ್ನು ಬುದ್ಧಿಮಾಂದ್ಯರ ಶಾಲೆಗಳಿಗೆ ತಳ್ಳಲಾಗುತ್ತಿತ್ತು.

ಇಂಥವರನ್ನು 'ಭಾರತದ ಮಕ್ಕಳು' ಎನ್ನುವುದರಲ್ಲಿ ಒಂದು ಅಪಾಯವೂ ಇದೆ. ಅಲ್ಲಿನ ಜನಾಂಗದ್ವೇಷಿ ಹೇಳುವುದೂ ಅದನ್ನೇ: ನೀವು ಇಲ್ಲಿಯವರಲ್ಲ, ಹೊರಡಿ. ರೋಮಾ ಜನ 1971ರಲ್ಲಿ ಲಂಡನ್ ಬಳಿ ಸೇರಿ ತಮ್ಮ ಬಾವುಟದ ನಡುವೆ ಚಕ್ರವಿಟ್ಟುಕೊಂಡರು. ಆ ನೆನಪು ಅವರದು, ಅವರೇ ಆರಿಸಿಕೊಂಡದ್ದು. ಆದರೆ ಅವರು ಕೇಳುತ್ತಿರುವುದು ತಾವು ಹುಟ್ಟಿದ ನೆಲದಲ್ಲೇ ಸಮಾನ ಪೌರತ್ವವನ್ನು, ನಮ್ಮ ಮಡಿಲನ್ನಲ್ಲ.

ಇನ್ನು ನಮ್ಮ ಮಡಿಲಿನ ಸಂಗತಿ. 1871ರ ಕಾಯ್ದೆ ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದಿತು. ಬ್ರಿಟಿಷರು ಮಾಡಿದ್ದು, ಸರಿ. 1952ರಲ್ಲಿ ಅದು ರದ್ದಾದ ಮೇಲೂ ರಾಜ್ಯಗಳು 'ರೂಢಿಗತ ಅಪರಾಧಿ'ಗಳ ಕಾನೂನು ಇಟ್ಟುಕೊಂಡವಲ್ಲ, ಅದು ಯಾರು ಮಾಡಿದ್ದು? ಕಳ್ಳತನವಾದರೆ ಪೊಲೀಸರ ಕಣ್ಣು ಇವತ್ತಿಗೂ ಮೊದಲು ಹೋಗುವುದು ಊರಾಚೆಯ ಗುಡಾರಗಳ ಕಡೆಗೇ. ಹುಣಸೂರಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿಗಳ ವಾಗ್ರಿ ಮಾತೂ ಇಂಡೋ-ಆರ್ಯನ್ ಬಳಗದ್ದೇ. ಭಾಷೆಯ ನಂಟು ಅಷ್ಟು ಪವಿತ್ರವಾದರೆ, ಬುಖಾರೆಸ್ಟಿನವರಿಗೆ ಸುರಿಸುವ ಕಣ್ಣೀರಿನಲ್ಲಿ ಹುಣಸೂರಿನವರಿಗೆ ಒಂದು ಹನಿಯೂ ಇಲ್ಲವೇಕೆ?

ಕಾರಣ ಸರಳ. ದೂರದ ನೆಂಟರು ಪಡಿತರ ಚೀಟಿ ಕೇಳುವುದಿಲ್ಲ, ನಿವೇಶನ ಕೇಳುವುದಿಲ್ಲ, ನಮ್ಮ ಬೀದಿಯಲ್ಲಿ ಬಾಡಿಗೆ ಮನೆ ಹುಡುಕುವುದಿಲ್ಲ. ಸಂಸ್ಕೃತಿಯ ಬೆಸುಗೆಗೆ ಉತ್ಸವಗಳು ಬೇಕು ಎನ್ನುವವರಿದ್ದಾರೆ. ನಡೆಯಲಿ. ಆದರೆ ಬಾಗಿಲಲ್ಲಿ ಹೇರ್‌ಪಿನ್ನು, ಸೂಜಿ ಮಾರಲು ಬಂದವಳನ್ನು ಅನುಮಾನಿಸಿ ಅಟ್ಟುವವರಿಗೆ, ಸಾವಿರ ವರ್ಷದ ಹಿಂದೆ ಹೊರಟುಹೋದವರನ್ನು 'ನಮ್ಮವರು' ಎನ್ನುವ ಹಕ್ಕಿಲ್ಲ.